ಪದಚರ್ಚೆ: ರೈಲಿನ ಅರ್ಜಿಗೆ ‘ಮೇಲ್ದರ್ಜೆ’ ಬೇಡ, ‘ರೇಕ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ತಿಂಗಳ ಪಾಸಿನಲ್ಲಿ ದಿನಾ ರೈಲಿನಲ್ಲಿ ಓಡಾಡುವ ಮಂಡ್ಯದ ನಮ್ಮ ಪಾಸಿನವರ ಗುಂಪು ರೈಲ್ವೆಗೆ ಒಂದು ಅರ್ಜಿ ಕೊಡುತ್ತಿದೆ. ಬೆಳಗಿನ ಮೆಮು ಗಾಡಿ (ಹತ್ತಿರದ ಊರುಗಳ ನಡುವೆ ಓಡುವ ಕರೆಂಟಿನ ರೈಲು) ಇನ್ನೂ ಉದ್ದ ಆಗಬೇಕು, ಹಳೇ ಬೋಗಿ ಹೋಗಿ ಹೊಸವು ಬರಬೇಕು, ಓಡಾಟ ಜಾಸ್ತಿ ಆಗಬೇಕು. ಇಷ್ಟೇ ವಿಷಯ. ಪ್ರೆಸ್ಸಿನಲ್ಲಿ ಕರಡು ತಿದ್ದುವವನು ಅಂತ ಬರೆಯುವ ಕೆಲಸ ನನ್ನ ತಲೆಗೇ ಬಿತ್ತು. ಎರಡು ಪುಟದ ಅರ್ಜಿ ಈಗ ಪದ ಸಿಗದೆ ಕ್ರಾಸಿಂಗಿಗೆ ನಿಂತಿದೆ.

ಮೊದಲು ತಕರಾರು ಎದ್ದಿದ್ದು ‘ಮೇಲ್ದರ್ಜೆಗೇರಿಸು’ ಮೇಲೆ. ಪೇಪರಿನವರು ಆಸ್ಪತ್ರೆ, ಶಾಲೆ, ರಸ್ತೆ ಎಲ್ಲವನ್ನೂ ಮೇಲ್ದರ್ಜೆಗೇರಿಸುತ್ತಾರೆ. ನಾನೂ ಕೈಗೆ ಬಂದಂತೆ ‘ಮೆಮು ಸೇವೆಯನ್ನು ಮೇಲ್ದರ್ಜೆಗೇರಿಸಬೇಕು’ ಅಂತ ಬರೆದೆ. ಗಾಡಿಯಲ್ಲಿ ಜೋರಾಗಿ ಓದುತ್ತಿದ್ದೆ. ಮದ್ದೂರಿನಲ್ಲಿ ಸೊಪ್ಪಿನ ಗಂಟು ಹೊತ್ತು ಹತ್ತಿದ ಅಮ್ಮ ಒಬ್ಬರು ಅಲ್ಲೇ ತಡೆದರು. “ಬ್ಯಾಡ ಕನಪ್ಪ, ಮೇಲಿನ್ ದರ್ಜೆ ಮಾಡುದ್ರೆ ಚಾರ್ಜೂ ಮೇಲಕ್ ಹೋಯ್ತದೆ!”

ಎಲ್ಲರೂ ನಕ್ಕರು. ಆದರೆ ಅವರು ಸುಮ್ನೆ ಹೇಳಿದ್ದಲ್ಲ. ಕೋವಿಡ್ ಆದಮೇಲೆ ಪ್ಯಾಸೆಂಜರ್ ಗಾಡಿಗಳನ್ನು ಸ್ಪೆಷಲ್, ಎಕ್ಸ್‌ಪ್ರೆಸ್ ಅಂತ ಹೆಸರು ಹಾಕಿ ಓಡಿಸಿದಾಗ ಕನಿಷ್ಠ ಟಿಕೆಟ್ 10 ರೂಪಾಯಿಯಿಂದ 30ಕ್ಕೆ ಹೋಗಿತ್ತು. 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿಯಿತು. ಸೀಟು ಅದೇ, ನೂಕುನುಗ್ಗಲು ಅದೇ, ಏರಿದ್ದು ದರ್ಜೆ ಮಾತ್ರ. ರೈಲಿನಲ್ಲಿ ‘ದರ್ಜೆ’ ಅಂದರೆ ಮೊದಲು ನೆನಪಾಗುವುದು ಟಿಕೆಟ್ಟು. ಆಸ್ಪತ್ರೆಗೆ ಒಪ್ಪುವ ಮಾತು ಇಲ್ಲಿ ಎಡವಟ್ಟಾಗುತ್ತದೆ.

‘ಸುಧಾರಿಸು’ ಹಾಕಿ ನೋಡಿದೆ. ನಮ್ಮ ಕಡೆ ‘ಸುಧಾರಿಸ್ಕೋ’ ಅಂದರೆ ದಣಿವಾರಿಸಿಕೋ ಅಂತ. ಗಾಡಿ ಈಗಲೇ ಸ್ಟೇಷನ್ ಸ್ಟೇಷನ್ನಿನಲ್ಲೂ ಬೇಕಾದಷ್ಟು ಸುಧಾರಿಸಿಕೊಳ್ಳುತ್ತದೆ. ‘ಉನ್ನತೀಕರಣ’ದ ಮಾತೇ ಬೇಡ.

ಇನ್ನು ‘ರೇಕ್’. ಒಟ್ಟಿಗೆ ಜೋಡಿಸಿದ ಬೋಗಿಗಳ ಇಡೀ ಸಾಲಿಗೆ ರೈಲ್ವೆಯವರು ಹೇಳುವ ಮಾತು ಇದು. ಒಂದೇ ರೇಕ್ ಬೆಳಿಗ್ಗೆ ಒಂದು ನಂಬರಿನಲ್ಲಿ ಹೋಗುತ್ತದೆ, ಸಂಜೆ ಇನ್ನೊಂದು ನಂಬರಿನಲ್ಲಿ ವಾಪಸ್ ಬರುತ್ತದೆ. ನಾವು ಎರಡಕ್ಕೂ ‘ರೈಲು’ ಅಂತಲೇ ಅನ್ನುತ್ತೇವೆ. ಹಾಗಾಗಿ ‘ಎರಡು ರೈಲು ಹೆಚ್ಚಿಗೆ ಕೊಡಿ’ ಅಂತ ಬರೆದರೆ ಎರಡು ಟ್ರಿಪ್ಪು ಕೇಳಿದೆವೋ, ಎರಡು ರೇಕ್ ಕೇಳಿದೆವೋ ತಿಳಿಯುವುದಿಲ್ಲ. ಇರುವ ರೇಕನ್ನೇ ಇನ್ನೊಂದು ಸಲ ಓಡಿಸಿದರೆ ಟ್ರಿಪ್ಪು ಹೆಚ್ಚುತ್ತದೆ. ಹೊಸ ರೇಕ್ ಬೇಕು ಅಂದರೆ ಅದು ಫ್ಯಾಕ್ಟರಿಯಿಂದಲೇ ಬರಬೇಕು.

ನನಗೆ ‘ಸರ’ ಹಿಡಿಸಿದೆ. ಹೂವಿನ ಸರ, ಪಟಾಕಿ ಸರ ಇದ್ದಂತೆ ‘ಎಂಟು ಬೋಗಿಯ ಸರ’. ಗೆಳೆಯನೊಬ್ಬ “ಇದೇನು ರೈಲೋ, ಮದುವೆ ಮನೆಯೋ” ಅಂದ. ‘ಸಾಲು’ ಅನ್ನೋಣ ಅಂದರೆ ಹಳಿಯ ಸಾಲು ಅಂತ ಓದುವವರಿದ್ದಾರೆ.

ಇಲ್ಲೇ ಇನ್ನೊಂದು ತೊಡಕಿದೆ. ಎಂಜಿನ್ ಎಳೆಯುವ ಗಾಡಿಗೆ ಒಂದೆರಡು ಬೋಗಿ ಸೇರಿಸಿ ಅಂತ ಕೇಳಬಹುದು. ಮೆಮುಗೆ ಬೇರೆ ಎಂಜಿನ್ ಇಲ್ಲ. ಮೋಟರ್ ಇರುವ ಒಂದು ಬೋಗಿ, ಅದರ ಜೊತೆಗೆ ಮೂರು, ಸಾಮಾನ್ಯವಾಗಿ ಹೀಗೆ ನಾಲ್ಕು ನಾಲ್ಕಾಗಿ ಲೆಕ್ಕ. ಅದಕ್ಕೇ 8, 12, 16 ಅಂತ ಬೆಳೆಯುತ್ತದೆ. ಈ ನಾಲ್ಕಕ್ಕೆ ‘ಘಟಕ’ ಅಂದರೆ ಯಾವುದೋ ಪಕ್ಷದ ತಾಲೂಕು ಘಟಕದ ಹಾಗೆ ಕೇಳಿಸುತ್ತದೆ. ನಾನು ‘ಕಟ್ಟು’ ಅಂತ ಬರೆದಿದ್ದೇನೆ: ‘ಇನ್ನೊಂದು ಕಟ್ಟು ಸೇರಿಸಿ ಹನ್ನೆರಡು ಬೋಗಿ ಮಾಡಿ’. ಸೊಪ್ಪಿನ ಅಮ್ಮನಿಗೆ ಇದು ಥಟ್ ಅಂತ ಅರ್ಥ ಆಯಿತು.

ಅಂದಹಾಗೆ, ‘ಬೋಗಿ’ ತಪ್ಪು ಅಂತ ಯಾರೂ ಬರೆಯಬೇಡಿ. ಎಂಜಿನಿಯರುಗಳಿಗೆ ಬೋಗಿ ಅಂದರೆ ಕೋಚಿನ ಅಡಿಯಲ್ಲಿರುವ ಚಕ್ರದ ಚೌಕಟ್ಟು, ಒಂದು ಕೋಚಿಗೆ ಎರಡು. ಗೊತ್ತು. ಕನ್ನಡದಲ್ಲಿ ಅದು ಕೂರುವ ಡಬ್ಬಿಯಾಗಿ ಯಾವ ಕಾಲವಾಯಿತೋ!

ಕೊನೆಗೆ, ದಿನಾ ಓಡಾಡುವವರ ಇಂಥ ಗಾಡಿಯನ್ನು ಅರ್ಜಿಯಲ್ಲಿ ಏನಂತ ಕರೆಯೋಣ? ಹೊಳೆದದ್ದು ‘ಉಪನಗರ ರೈಲು’. ಬೆಂಗಳೂರಿನಲ್ಲಿ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೆಸರಿಟ್ಟ ನಾಲ್ಕು ಮಾರ್ಗಗಳಿಗೆ ಈ ಮಾತು ಸರಿ. ಮಂಡ್ಯ ಯಾರ ಉಪನಗರ? ಬೆಂಗಳೂರು ಇಲ್ಲಿಂದ 90 ಕಿಲೋಮೀಟರಿಗೂ ಜಾಸ್ತಿ, ಮೈಸೂರು ಸುಮಾರು 45. ಆದರೂ ದಿನಾ ಹೋಗಿಬರುವವರು ಎರಡೂ ಕಡೆಗೆ ಇದ್ದೇವೆ. ಪಾಸ್ 150 ಕಿಲೋಮೀಟರಿನವರೆಗೆ ಸಿಗುವುದರಿಂದ ಮೈಸೂರಿನಿಂದ ಬೆಂಗಳೂರಿಗೆ ಹೋಗುವವರೂ ಇದರಲ್ಲೇ ಬರುತ್ತಾರೆ. ‘ದಿನವಹಿ ಪ್ರಯಾಣಿಕರ ರೈಲು’ ಕಚೇರಿಯ ಕಡತದ ಮಾತಾಯಿತು. ‘ಪಾಸಿನ ಗಾಡಿ’ ಅಂತ ಬರೆದರೆ ಅಧಿಕಾರಿಗಳು ಓದುವ ಅರ್ಜಿಗೆ ಹಗುರ ಆದೀತೇ?

‘ರೇಕ್’, ‘ಮೇಲ್ದರ್ಜೆ’ ಎರಡಕ್ಕೂ ನಿಮ್ಮ ಊರಲ್ಲಿ ಬಾಯಿಗೆ ಬರುವ ಮಾತು ಇದ್ದರೆ ತಿಳಿಸಿ. ‘ಸರ’ ಬೇಡವೇ ಬೇಡ ಅನ್ನುವವರು ಬದಲಿಗೆ ಒಂದು ಕೊಟ್ಟು ಬೇಡ ಅನ್ನಿ. ಗುರುವಾರ ಅರ್ಜಿ ಅಚ್ಚಿಗೆ ಹೋಗುತ್ತದೆ.