1967ರ ಎಂಜಿಬಿ ತಗೊಂಡು ರೇಸಿಗೆ ಇಳಿಯೋದಾ? ಅನುಭವ ಇರೋರು ಹೇಳಿ

ಕಾವೆಂಟ್ರಿ ಕನ್ನಡಿಗ: 1967ರ ಎಂಜಿಬಿ ರೋಡ್‌ಸ್ಟರ್ (ಟಾಪ್ ತೆಗೆಯೋ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಒಂದು 11,500 ಪೌಂಡಿಗೆ ನೋಡಿಟ್ಟಿದ್ದೀನಿ. ಸಿಲ್ (ಬಾಗಿಲ ಕೆಳಗಿನ ತಗಡಿನ ಪಟ್ಟಿ) ಎರಡೂ ಹೊಸದು ಅಂತಾರೆ. ವರ್ಷಕ್ಕೆ ನಾಲ್ಕು ಕ್ಲಬ್ ರೇಸ್ ಓಡಿಸೋ ಆಸೆ. ಗ್ಯಾರೇಜ್ ಇಲ್ಲ, ಮನೆ ಮುಂದೆ ಜಾಗ ಇದೆ. ವರ್ಷಕ್ಕೆ ಎಷ್ಟು ಬೀಳುತ್ತೆ?

ತುಕ್ಕುಸುಬ್ಬ: "ಸಿಲ್ ಹೊಸದು" ಅಂತ ಓದಿದ ತಕ್ಷಣ ಹೊಟ್ಟೆ ಉರೀತು ಗುರು. ನನಗೂ ಇದೇ ಮಾತು ಹೇಳಿ ತಲೆಗೆ ಕಟ್ಟಿದ್ರು. ಹೊರಗಿನ ತಗಡು ಹೊಸದೇ, ಸುಳ್ಳಲ್ಲ. ಒಳಗಡೆ ಸಿಲ್ಲಿಗೆ ಬಲ ಕೊಡೋ ತಗಡು, ಕ್ಯಾಸಲ್ ರೈಲ್ ಮಾತ್ರ ಹಪ್ಪಳ. ಬಾಗಿಲು ತೆಗೆದಿಟ್ಟು ಜಾಕ್ ಕೊಟ್ಟೆ. ಕಾರು ಎದ್ದಿತು, ಬಾಗಿಲು ಮತ್ತೆ ಕೂರಲಿಲ್ಲ. ವೆಲ್ಡಿಂಗಿಗೆ 3,860. ಎಂಜಿನ್ ಬಿಚ್ಚಿ ಕಟ್ಟಿಸಿದ್ದು 5,240. ಇವೆಲ್ಲ ಲೆಕ್ಕದಲ್ಲಿದ್ದ ಖರ್ಚು, ಬಿಡಿ. ಮೊದಲ ರೇಸಿನ ದಿನ ಸ್ಕ್ರೂಟಿನಿಯರಿಂಗ್‌ನಲ್ಲಿ (ರೇಸಿಗೆ ಮುಂಚಿನ ಗಾಡಿ ತಪಾಸಣೆ) ಸೀಟ್ ಬೆಲ್ಟಿನ ಲೇಬಲ್ ತಿರುಗಿಸಿ ನೋಡಿದ್ರು. ಹಿಂದಿನ ಡಿಸೆಂಬರಿಗೇ ಅವಧಿ ಮುಗಿದಿತ್ತು. ಎಂಟ್ರಿ ಫೀಸ್ 395, ಟ್ರೇಲರ್ ಬಾಡಿಗೆ 110, ಹೋಟೆಲ್ 84. ಟ್ರ್ಯಾಕಿಗೆ ಒಂದು ಟೈರೂ ತಾಗಲಿಲ್ಲ. ಹೆಂಡತಿಗೆ ಮಳೆ ಬಂತು ಅಂದೆ.

ಟ್ರಯಂಫಮ್ಮ: ಅದಕ್ಕೇ ನನ್ನ ಥರ ಟ್ರಯಂಫ್ ಸ್ಪಿಟ್‌ಫೈರ್ ಕಾರು ತಗೊಳ್ಳಿ ಅನ್ನೋದು. ಬಾನೆಟ್ ಪೂರ್ತಿ ಮುಂದಕ್ಕೆ ಮಗುಚುತ್ತೆ, ಟೈರ್ ಮೇಲೆ ಕೂತ್ಕೊಂಡು ಟ್ಯಾಪೆಟ್ ಸೆಟ್ ಮಾಡಬಹುದು. ಎಂಟು ವರ್ಷದಿಂದ ಬೇರೆಯವರ ಕೈಗೆ ಸ್ಪ್ಯಾನರ್ ಕೊಟ್ಟಿಲ್ಲ ನಾನು. ಸುಬ್ಬಣ್ಣನ ಥರ 5,240 ಸುರಿದೂ ಇಲ್ಲ.

ತುಕ್ಕುಸುಬ್ಬ: ತಿರುವಲ್ಲಿ ಹಿಂದಿನ ಚಕ್ರ ಒಳಕ್ಕೆ ಮಡಚ್ಕೊಳ್ಳೋ ಕಥೆ ಯಾಕೆ ಬಿಟ್ರಿ ಮೇಡಂ?

ಟ್ರಯಂಫಮ್ಮ: ಹೇಳ್ತೀನಿ, ನನಗೇನು ನಾಚಿಕೆ? ಮ್ಯಾಲರಿ ಪಾರ್ಕ್ ರೇಸ್ ಟ್ರ್ಯಾಕಿನ ಗೆರಾರ್ಡ್ಸ್ ತಿರುವಲ್ಲಿ ಹೆದರಿ ಆಕ್ಸಿಲರೇಟರ್ ಬಿಟ್ಟೆ. ಹಿಂದಿನ ಭಾಗ ಎದ್ದು ನಿಂತ ಹಾಗಾಯ್ತು, ಎರಡು ಸುತ್ತು ಗಿರಕಿ, ಹುಲ್ಲಿನ ಮೇಲೆ. ಬೆಂಡಾದ ವಿಶ್‌ಬೋನು (ಚಕ್ರ ಹಿಡಿಯೋ ತೋಳು), ರೇಡಿಯೇಟರು, ಒಂದು ವೈರ್ ವ್ಹೀಲು, ಒಟ್ಟು 612 ಪೌಂಡ್. ತಪ್ಪು ನನ್ನ ಕಾಲಿಂದು. 1970ರಲ್ಲಿ ಬಂದ ಮಾರ್ಕ್ 4 ಸ್ಪಿಟ್‌ಫೈರಲ್ಲಿ ಚಕ್ರ ಹಾಗೆ ಮಡಚೋಕೆ ಬಿಡ್ತಿದ್ದ ಹಿಂದಿನ ಸ್ಪ್ರಿಂಗೇ ಬದಲಾಯ್ತು, ಅದನ್ನೂ ಹೇಳಿ. 1965ರ ಲೆ ಮಾನ್ 24 ಗಂಟೆ ರೇಸಲ್ಲಿ ಇದೇ ಸ್ಪಿಟ್‌ಫೈರ್ ತನ್ನ ಎಂಜಿನ್ ಅಳತೆಯ ಕ್ಲಾಸ್ ಗೆದ್ದಿದ್ದನ್ನೂ ಹೇಳಿ.

ತುಕ್ಕುಸುಬ್ಬ: ಎಂಜಿಬಿ 1963ರಲ್ಲೇ ಗೆದ್ದಿತ್ತು, ದೊಡ್ಡ ಕ್ಲಾಸಲ್ಲಿ. ಓಡಿಸಿದ್ದು ಹಾಪ್‌ಕರ್ಕ್ ಮತ್ತು ಹಚಿಸನ್.

ಟ್ರಯಂಫಮ್ಮ: ಹೌದು, ಒಂದು ಗಂಟೆಗೂ ಮೇಲೆ ಮರಳಲ್ಲಿ ಹೂತಿತ್ತಲ್ಲ, ಅದೇ ತಾನೇ?

ತುಕ್ಕುಸುಬ್ಬ: ಅಗೆದು ತೆಗೆದು ಓಡಿಸಿ ಗೆದ್ರು. ಅದು ಗಾಡಿ.

ಹುಬ್ಬಳ್ಳಿ ಹುಡುಗ, ಲೀಡ್ಸ್: ಇಬ್ಬರೂ ಸಾಕ್ ಮಾಡ್ರಿ. ಕೇಳಿದಾವ್ರು ಓಡಿ ಹೋದಾರು. 1967 ಅಂದ್ರ ಮೊದಲ ಬ್ಯಾಟರಿ ನೋಡ್ರಿ ಸರ. ಆ ವರ್ಷದ ಕಡೀಗೆ ಪಾಸಿಟಿವ್ ಅರ್ತ್ (ಬ್ಯಾಟರಿ ಪ್ಲಸ್ ತಂತಿ ಗಾಡಿ ತಗಡಿಗೆ ಜೋಡಸೂದು) ಹೋಗಿ ನೆಗೆಟಿವ್ ಬಂತು. ನಾ ನೋಡ್ಲಾರದ ಎಲೆಕ್ಟ್ರಾನಿಕ್ ಇಗ್ನಿಷನ್ ಉಲ್ಟಾ ಜೋಡಿಸಿದೆ. 92 ಪೌಂಡ್ ಖರೇನ ಹೊಗಿ ಆಗಿ ಹೋತು. ಆಮ್ಯಾಲ 2021ರಾಗ ಇಲ್ಲಿ ಬಂಕಿಗೆ ಎಥನಾಲ್ ಬೆರೆಸಿದ ಇ10 ಬಂತಲ್ರಿ, ಆ ಪೆಟ್ರೋಲಿಗೆ ಹಳೇ ರಬ್ಬರ್ ಪೈಪ್ ಮೆತ್ತಗಾಗಿ ಕಾರ್ಬ್ಯುರೇಟರ್ ಕೆಳಗ ತೊಟ್ಟಿಕ್ಕಾಕ ಹತ್ತಿತ್ತು. ಅದರ ಕೆಳಗೇ ಎಕ್ಝಾಸ್ಟ್. ವಾಸನಿ ಬಂದಿದ್ದಕ್ಕ ಬದುಕೇನಿ.

ಟಿಸಿ ತಾತ, ಬಸವನಗುಡಿ: ನಿಮ್ಮವೆಲ್ಲ ಹೊಸ ಗಾಡಿಗಳಪ್ಪ. ನಮ್ಮ ತಂದೆಯವರು ಮದ್ರಾಸ್ ಹತ್ತಿರದ ಶೋಳವರಂ ಏರ್‌ಸ್ಟ್ರಿಪ್ಪಲ್ಲಿ ಓಡಿಸಿದ 1948ರ ಎಂಜಿ ಟಿಸಿ ಇನ್ನೂ ನಮ್ಮ ಮನೆಯಲ್ಲಿದೆ. ತಗಡಿನೊಳಗೆ ಆಶ್ ಮರದ ಚೌಕಟ್ಟು. ಅದಕ್ಕೆ ಗೆದ್ದಲು ಹಿಡಿದು, ಮೆಕ್ಯಾನಿಕ್‌ಗಿಂತ ಬಡಗಿಗೇ ಜಾಸ್ತಿ ಕೊಟ್ಟಿದ್ದೀನಿ, 1,38,000 ರೂಪಾಯಿ.

ತುಕ್ಕುಸುಬ್ಬ: ಸಾರ್, ಅವರು ಕೇಳಿದ್ದು ರೇಸ್ ಬಗ್ಗೆ. ಮ್ಯೂಸಿಯಂ ಬಗ್ಗೆ ಅಲ್ಲ.

ಟಿಸಿ ತಾತ, ಬಸವನಗುಡಿ: ಮರಿ, ಆ ಎಂಜಿನ್ನಲ್ಲಿ ಬೋಲ್ಟಿನ ತಲೆ ವಿಟ್‌ವರ್ತ್ ಅನ್ನೋ ಹಳೇ ಬ್ರಿಟಿಷ್ ಅಳತೆ, ಥ್ರೆಡ್ ಮೆಟ್ರಿಕ್. ಅದನ್ನು ಬಿಚ್ಚಿ ಕಟ್ಟಿದವನಿಗೆ ನಿನ್ನ ತುಕ್ಕಿನ ಪುರಾಣ ಹೇಳಬೇಡ. ಅಂದಹಾಗೆ ಡಿಸೆಂಬರಿಗೆ ಊರಿಗೆ ಬರೋರು ಯಾರಾದ್ರೂ ಇದ್ದರೆ ವಿಟ್‌ವರ್ತ್ ಸಾಕೆಟ್ ಸೆಟ್ ಒಂದು ತರ್ತೀರಾ? ದುಡ್ಡು ಕೊಡ್ತೀನಿ.

ಹುಬ್ಬಳ್ಳಿ ಹುಡುಗ, ಲೀಡ್ಸ್: ನಾ ತರ್ತೀನ್ರಿ ಅಜ್ಜಾರ. ದುಡ್ಡು ಬ್ಯಾಡ. ಒಂದ್ ರೌಂಡ್ ಟಿಸಿ ಓಡ್ಸಾಕ ಕೊಡ್ರಿ.

ಟಿಸಿ ತಾತ, ಬಸವನಗುಡಿ: ದುಡ್ಡೇ ಕೊಡ್ತೀನಿ.