ಮೊದಲ ಕಾಂಪೋಸಿಟ್ ಹಾಕಿ ಸ್ಟಿಕ್, ಬಜೆಟ್ 2,500: ಯಾವುದು ತಗೊಳ್ಳೋದು?

ಮಂಡ್ಯದ_ಅಣ್ಣ:
ನಮಸ್ಕಾರ. ಕ್ರಿಕೆಟ್ ಬ್ಯಾಟ್ ಆಗಿದ್ದರೆ ಯಾರನ್ನೂ ಕೇಳುತ್ತಿರಲಿಲ್ಲ, ಹಾಕಿ ನನಗೆ ಸುತರಾಂ ಗೊತ್ತಿಲ್ಲ. ತಂಗಿ ಮೊದಲ ಪಿಯುಸಿ. ಎರಡು ವರ್ಷದಿಂದ ಆಡುತ್ತಿದ್ದಾಳೆ, ಹಾಫ್ ಜಾಗದಲ್ಲಿ, ಅಂದರೆ ಮೈದಾನದ ನಡುಭಾಗದಲ್ಲಿ. ಇಷ್ಟು ದಿನ ಮರದ ಸ್ಟಿಕ್ಕಲ್ಲೇ ಆಡಿದಳು, ಹೋದ ವಾರ ಅದು ಸೀಳು ಬಿಟ್ಟಿತು. ಕೋಚ್ "ಇನ್ನು ಕಾಂಪೋಸಿಟ್ ತಗೋಮ್ಮ" ಅಂದಿದ್ದಾರೆ ಅಷ್ಟೇ, ಯಾವುದು ಏನು ಅಂತ ಹೇಳಿಲ್ಲ, ಇವಳೂ ಕೇಳಿಲ್ಲ. ವಾರದ ದಿನ ಇಲ್ಲೇ ಮಂಡ್ಯದಲ್ಲಿ ಮಣ್ಣಿನ ಗ್ರೌಂಡ್. ಭಾನುವಾರ ಮಾತ್ರ ರೈಲು ಹತ್ತಿ ಮೈಸೂರಿಗೆ ಹೋಗಿ ಟರ್ಫ್ (ಕೃತಕ ಹುಲ್ಲು) ಮೇಲೆ ಆಡುತ್ತಾಳೆ. ಎತ್ತರ 5 ಅಡಿ 3 ಇಂಚು. ಆನ್‌ಲೈನ್‌ನಲ್ಲಿ ಒಂದು ನೋಡಿ ಇಟ್ಟಿದ್ದಾಳೆ, "90% ಕಾರ್ಬನ್, ಲೋ ಬೋ, ಪ್ರೊ" ಅಂತೆಲ್ಲ ಬರೆದಿದ್ದಾರೆ, ಆಫರ್‌ನಲ್ಲಿ 2,800. ಮುನ್ನೂರು ಜಾಸ್ತಿ ಆದರೂ ಪರವಾಗಿಲ್ಲ, ಆದರೆ ಬಣ್ಣ ನೋಡಿ ಆಸೆ ಪಡುತ್ತಿದ್ದಾಳೋ ಏನೋ ಅಂತ ಅನುಮಾನ. ತಗೋಬಹುದಾ?

ಹಳೇ_ರೈಟ್‌ಹಾಫ್:
ಬೇಡ. ಕಾರಣ ಸ್ವಲ್ಪ ಉದ್ದ ಇದೆ, ಟೀ ಹಿಡಿದು ಓದಿ.

ಕಾಂಪೋಸಿಟ್ ಅಂದರೆ ಕಾರ್ಬನ್, ಫೈಬರ್‌ಗ್ಲಾಸ್, ಕೆಲವದರಲ್ಲಿ ಅರಾಮಿಡ್ ಅನ್ನೋ ಗಟ್ಟಿ ನಾರು, ಈ ಎಳೆಗಳನ್ನು ರೆಸಿನ್ ಅನ್ನೋ ಅಂಟಿನ ಜೊತೆ ಸೇರಿಸಿ ಅಚ್ಚಿನಲ್ಲಿ ಬಿಸಿ ಮಾಡಿ ತೆಗೆದದ್ದು. ಕಾರ್ಬನ್ ಜಾಸ್ತಿ ಆದಷ್ಟೂ ಸ್ಟಿಕ್ ಬಿರುಸು. ಬಿರುಸಾದರೆ ಹೊಡೆತಕ್ಕೆ ವೇಗ ಬರುತ್ತದೆ, ಸರಿ, ಆದರೆ ಬರುವ ಚೆಂಡನ್ನು ನಿಲ್ಲಿಸೋಕೆ ಹೋದಾಗ ಅದು ಚಿಮ್ಮಿ ಮಾರು ದೂರ ಹೋಗಿ ಎದುರಿನವಳ ಕಾಲಿಗೆ ಸಿಗುತ್ತದೆ, ಹಾಫ್ ಆಡುವವರಿಗೆ ಅರ್ಧ ಕೆಲಸವೇ ಟ್ರ್ಯಾಪ್ ಮಾಡಿ ಪಾಸ್ ಕೊಡೋದು ಅಲ್ವಾ. ಹೊಡೆತ ಸರಿಯಾಗಿ ಕೂರದಿದ್ದರೆ ಅಂಗೈ ಜುಮ್ ಅನ್ನುತ್ತದೆ, ಅದೂ ಬೆಳಗಿನ ಚಳಿಯಲ್ಲಿ. ಈಗ ತಾನೇ ಮರ ಬಿಡುತ್ತಿರುವವರಿಗೆ ಫೈಬರ್‌ಗ್ಲಾಸೇ ಜಾಸ್ತಿ ಇರುವ, 10ರಿಂದ 20% ಕಾರ್ಬನ್ ಇರುವ ಸ್ಟಿಕ್ ಧಾರಾಳ ಸಾಕು. ಇನ್ನು 2,800ಕ್ಕೆ 90% ಅಂದರೆ ನನಗಂತೂ ನಂಬಿಕೆ ಬರಲ್ಲ.

ಲೋ ಬೋ ಇನ್ನೊಂದು ತಲೆನೋವು. ಬೋ ಅಂದರೆ ಸ್ಟಿಕ್ಕಿನ ಬಾಗು. ಅದು ಹೆಚ್ಚಾಗಿ, ತಲೆಯ (ಚೆಂಡಿಗೆ ತಾಗುವ ಕೊಕ್ಕೆಯ) ಹತ್ತಿರಕ್ಕೇ ಇದ್ದರೆ ಲೋ ಬೋ. ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್ಕಲ್ಲೇ ಎಳೆದು ಗೋಲಿನತ್ತ ಚಿಮ್ಮಿಸೋದು) ಮಾಡೋರಿಗೆ, ಚೆಂಡು ಎತ್ತಿ ಹಾಕೋರಿಗೆ ಅದು ಬೇಕು. ನಿಮ್ಮ ತಂಗಿ ನೆಟ್ಟಗೆ ಹಿಟ್ ಮಾಡಲು ಹೋದರೆ ಚೆಂಡು ಕೇಳದೇನೇ ಮೇಲೆದ್ದು ಯಾರದೋ ಮೊಣಕಾಲಿಗೆ. ಬಾಗು 20-22 ಮಿಲಿಮೀಟರ್ ಸುತ್ತ ಇರುವ ರೆಗ್ಯುಲರ್ ಬೋ ಕೇಳಿ.

ಉದ್ದ 36.5 ಇಂಚು ಸಾಕು. 37.5 ಕೊಟ್ಟು "ಬೆಳೀತಾಳಲ್ಲ" ಅನ್ನುವ ಅಂಗಡಿಯವರಿದ್ದಾರೆ, ಸ್ಟಿಕ್ ಏನು ಶಾಲೆ ಯೂನಿಫಾರಮ್ಮಾ? ಕಾಲಿನ ಪಕ್ಕ ನೆಟ್ಟಗೆ ನಿಲ್ಲಿಸಿ ನೋಡಿ, ತುದಿ ಸೊಂಟದ ಮೂಳೆ ಹತ್ತಿರ ಬಂದರೆ ಸರಿ. ತೂಕ 520-540 ಗ್ರಾಂ. ನಿಯಮದಲ್ಲಿ 737 ಗ್ರಾಂ ತನಕ ಬಿಡುತ್ತಾರೆ, ಅಷ್ಟು ಭಾರ ಯಾರೂ ಹೊರಲ್ಲ ಬಿಡಿ.

ಬ್ರಾಂಡ್ ಕೇಳುವ ಮೊದಲೇ ಹೇಳುತ್ತೇನೆ, ಆಲ್ಫಾ, ರಕ್ಷಕ್, ಫ್ಲ್ಯಾಶ್, ಮೂರೂ ಜಲಂಧರ್‌ನವು. ಕಡಿಮೆ ಕಾರ್ಬನ್‌ನ ಮಾಡೆಲ್ ಯಾವುದಾದರೂ ನಡೆಯುತ್ತದೆ.

ಮರವೇ_ಸಾಕು:
ಎಲ್ಲ ಸರಿ, ಆದರೆ ಮಣ್ಣಿನ ಗ್ರೌಂಡ್ ಅಂದದ್ದನ್ನು ಮೇಲಿನವರು ಓದಲೇ ಇಲ್ಲ! ವಾರದ ದಿನವೆಲ್ಲ ಜಲ್ಲಿಪುಡಿ ಮೇಲೆ ತಿಕ್ಕಿದರೆ ಕಾಂಪೋಸಿಟ್ಟಿನ ತಲೆ ಕೆಳಗೆ ಬಣ್ಣ ಹೋಗಿ, ರೆಸಿನ್ ಹೋಗಿ, ಒಳಗಿನ ಎಳೆ ಬತ್ತಿ ಥರ ಹೊರಗೆ ಬರುತ್ತದೆ. ಅಂಚು ಹಾಗೆ ಚೂಪಾಗಿದ್ದರೆ ಅಂಪೈರ್ ಆಡಲು ಬಿಡಲ್ಲ. ನನ್ನದು ನಾಲ್ಕು ತಿಂಗಳಲ್ಲಿ ಹಾಗಾಯಿತು. ಸ್ಟಿಕ್ ಯಾವುದು ಅನ್ನೋದನ್ನು ಗ್ರೌಂಡ್ ಹೇಳಬೇಕು. ನನ್ನ ಪ್ರಕಾರ ಅಭ್ಯಾಸಕ್ಕೆ ಒಂದು ಮರದ್ದು, ಟರ್ಫ್‌ಗೆ ಒಂದು ಕಾಂಪೋಸಿಟ್. ಮರದ್ದು ಹಿಪ್ಪುನೇರಳೆಯದು, ನಮ್ಮ ಕಡೆ ರೇಷ್ಮೆಹುಳಕ್ಕೆ ಸೊಪ್ಪು ಹಾಕೋ ಅದೇ ಜಾತಿ, ಬಾಗಿಸಿದರೆ ಬಾಗುತ್ತೆ, ಬೇಗ ಮುರಿಯಲ್ಲ.

ಇನ್ನೊಂದು ಮೋಸ. ಹಿಂದೆ ಒಂದು ಅಂಗಡಿಯಲ್ಲಿ 900ಕ್ಕೆ "ಕಾಂಪೋಸಿಟ್" ಅಂತ ಕೊಟ್ಟರು, ಖುಷಿಯಿಂದ ತಂದೆ. ಎರಡನೇ ವಾರ ಸಿಪ್ಪೆ ಎದ್ದಿತು, ಒಳಗೆ ನೋಡಿದರೆ ಮರ. ಮರದ ಮೇಲೆ ತೆಳುವಾಗಿ ಫೈಬರ್ ಸುತ್ತಿ ಸ್ಟಿಕ್ಕರ್ ಅಂಟಿಸಿದ್ದರು. ಅಂಗಡಿ ಹೆಸರು ಬೇಡ ಬಿಡಿ, ಈಗ ಬೇರೆಯವರು ನಡೆಸುತ್ತಿದ್ದಾರೆ.

ಹಳೇ_ರೈಟ್‌ಹಾಫ್:
ಓದಿದ್ದೆ ಗುರುವೇ, ಬರೆಯೋಕೆ ಮರೆತೆ. ಎರಡು ಸ್ಟಿಕ್ ಒಪ್ಪುತ್ತೇನೆ. ಆದರೆ ಪೂರ್ತಿ ವಾರ ಮರದಲ್ಲಿ ಆಡಿ ಭಾನುವಾರ ಮಾತ್ರ ಕಾಂಪೋಸಿಟ್ ಹಿಡಿದರೆ ಕೈಗೆ ಅದು ಒಗ್ಗೋದು ಯಾವಾಗ? ವಾರದಲ್ಲಿ ಒಂದು ದಿನವಾದರೂ ಸ್ಟಿಕ್ಕಿನ ತಲೆಗೆ ಟೇಪ್ ಸುತ್ತಿ ಮಣ್ಣಿನಲ್ಲೂ ಅದರಲ್ಲೇ ಆಡಲಿ.

ನಾಪೋಕ್ಲು_ಟು_ಕುವೆಂಪುನಗರ:
ನಮ್ಮ ಕೊಡಗಿನ ಕಡೆ ಕುಟುಂಬಕ್ಕೊಂದು ಟೀಮ್, 1997ರಲ್ಲಿ ಕರಡದಲ್ಲಿ ಶುರುವಾದ ಹಾಕಿ ಹಬ್ಬ ನಿಮಗೆ ಗೊತ್ತಿರಬಹುದು. ಅಜ್ಜನಿಂದ ಮೊಮ್ಮಗಳ ತನಕ ಕೈಗೆ ಸಿಕ್ಕ ಸ್ಟಿಕ್ ಹಿಡಿದು ಇಳಿಯುವುದನ್ನು ನೋಡಿ ಬೆಳೆದವನು ನಾನು, ಉದ್ದ ತಪ್ಪಿದರೆ ಬೆನ್ನು ಹೇಗೆ ಹಿಡಿಯುತ್ತೆ ಅಂತ ಚೆನ್ನಾಗಿ ಗೊತ್ತು. 36.5ಕ್ಕೆ ನನ್ನದೂ ಒಂದು ಓಟು.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಹತ್ತು ರೂಪಾಯಿ ನಾಣ್ಯ ಇರಲಿ. ಸ್ಟಿಕ್ಕಿನ ಚಪ್ಪಟೆ ಮುಖ ಕೆಳಗೆ ಮಾಡಿ ಸಮ ಇರುವ ಟೇಬಲ್ ಮೇಲೆ ಇಡಿ, ನಡುವೆ ಸಂದು ಬೀಳುತ್ತದಲ್ಲ, ಅಲ್ಲಿ ನಾಣ್ಯವನ್ನು ನಿಲ್ಲಿಸಿ ಉರುಳಿಸಿ. ನಾಣ್ಯ 27 ಮಿಲಿಮೀಟರ್, ಬಾಗಿನ ಮಿತಿ 25. ಆಚೆ ಕಡೆ ಹೊರಟರೆ ಆ ಸ್ಟಿಕ್ ಮ್ಯಾಚಿಗೆ ಬರಲ್ಲ, ಮುಟ್ಟಬೇಡಿ. ನಾನು ಹೀಗೆ ಮಾಡಿದಾಗ ಒಬ್ಬ ಅಂಗಡಿಯವರು ಮುಖ ಗಂಟು ಹಾಕಿಕೊಂಡರು, ಹಾಕಿಕೊಳ್ಳಲಿ. ಹಾಗೇ ಗೆಣ್ಣಿನಿಂದ ಮೇಲಿಂದ ಕೆಳಗಿನವರೆಗೆ ತಟ್ಟುತ್ತಾ ಬನ್ನಿ. ಎಲ್ಲೋ ಒಂದು ಕಡೆ ಸದ್ದು ಇದ್ದಕ್ಕಿದ್ದಂತೆ ಮಂದ ಆದರೆ ಒಳಗೆ ಬಿರುಕಿರಬಹುದು, ಬೇರೆ ಕೇಳಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಬೇಡಿ, ಕಾದರೆ ರೆಸಿನ್‌ಗೆ ಒಳ್ಳೆಯದಲ್ಲ.

ಮಂಡ್ಯದ_ಅಣ್ಣ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮೈಸೂರಿಗೆ ಹೋಗಿ ಎರಡು ಅಂಗಡಿ ಸುತ್ತಿದೆವು. ಮೊದಲ ಅಂಗಡಿಯಲ್ಲಿ ನಾಣ್ಯ ಸಲೀಸಾಗಿ ಉರುಳಿ ಕೆಳಗೆ ಬಿದ್ದು ಕೌಂಟರ್ ಅಡಿಗೆ ಹೋಯಿತು, ಹತ್ತು ರೂಪಾಯಿ ಅಲ್ಲಿಗೇ ಕಾಣಿಕೆ. ಎರಡನೇ ಕಡೆ 36.5, ರೆಗ್ಯುಲರ್ ಬೋ, 20% ಕಾರ್ಬನ್, ಪಕ್ಕದ ದಿನಸಿ ಅಂಗಡಿ ತಕ್ಕಡಿಯಲ್ಲಿ 535 ಗ್ರಾಂ. 2,150 ಹೇಳಿ 2,000ಕ್ಕೆ ಕೊಟ್ಟರು. ಉಳಿದ ದುಡ್ಡಲ್ಲಿ ಒಂದು ಗ್ರಿಪ್ಪು, ಟೇಪು. ಸೀಳಿದ ಮರದ್ದನ್ನು ಬಡಗಿ ಹತ್ತಿರ ಅಂಟಿಸಿ ದಾರ ಸುತ್ತಿಸಿದ್ದೇನೆ, ಅಭ್ಯಾಸಕ್ಕೆ ಇನ್ನಷ್ಟು ದಿನ ಬರಬಹುದು. ಬಣ್ಣ ಕಪ್ಪು ಅಂತ ತಂಗಿ ರೈಲಿನಲ್ಲಿ ಪಾಂಡವಪುರ ದಾಟುವ ತನಕ ಮಾತಾಡಲಿಲ್ಲ.

ಮರವೇ_ಸಾಕು:
ಟೇಪ್ ಬಣ್ಣದ್ದು ಸಿಗುತ್ತೆ, ಅವಳೇ ಆರಿಸಲಿ.