ಅಪ್‌ಡೇಟ್: ಅಮ್ಮನ ಮಂಡಿ ಈಗ ಕುಸಿಯುತ್ತಿಲ್ಲ
ಮಂಡಿ ಬದಲಿಸುವ ಆಪರೇಷನ್ ಆಗಿ 7 ವಾರವಾದರೂ ಮೆಟ್ಟಿಲು ಇಳಿಯುವಾಗ ಅಮ್ಮನ ಕಾಲು ದಿಢೀರ್ ಕುಸಿಯುತ್ತದೆ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ಇಂಪ್ಲಾಂಟ್ (ಒಳಗೆ ಕೂರಿಸಿದ ಕೃತಕ ಮಂಡಿ) ಸಡಿಲವಾಗಿದೆಯೇನೋ ಅಂತ ಹೆದರಿದ್ದೆವು. ಸರ್ಜನ್ ಎಕ್ಸ್‌ರೇ ತೆಗೆಸಿ, ಮಂಡಿ ಅಲ್ಲಾಡಿಸಿ ನೋಡಿ, ಗಟ್ಟಿಯಾಗಿದೆ ಎಂದರು. ಸೋತಿದ್ದು ತೊಡೆಯ ಮುಂಭಾಗದ ಸ್ನಾಯು. ನಿಮ್ಮಲ್ಲೊಬ್ಬರು ಇದನ್ನೇ ಹೇಳಿದ್ದಿರಿ, ಥ್ಯಾಂಕ್ಸ್! ಅದಕ್ಕೆ ಮಾಡಿಸಿದ ವ್ಯಾಯಾಮ: ತೊಡೆ ಬಿಗಿ ಹಿಡಿದು ಬಿಡುವುದು, ಕಾಲು ನೇರವಾಗಿಟ್ಟು ಎತ್ತುವುದು, ದಿನಕ್ಕೆ 3 ಸಲ. ಅಮ್ಮ ಬೈದರೂ ಬಿಡಲಿಲ್ಲ. ಮಂಡಿ ಬೆಲ್ಟ್‌ನಿಂದ ಸುಮ್ನೆ ಧೈರ್ಯ ಬಂತು, ಅಷ್ಟೇ.

ಗೊತ್ತೇ ಇರದ ವಿಷಯ ಒಂದಿತ್ತು. ರಾತ್ರಿ ಮಂಡಿ ಕೆಳಗೆ ದಿಂಬು ಇಡುತ್ತಿದ್ದೆವು. ಅದರಿಂದ ಕಾಲು ಪೂರ್ತಿ ನೇರವಾಗುವುದೇ ಕಷ್ಟವಂತೆ! ಈಗ ದಿಂಬು ಹಿಮ್ಮಡಿ ಕೆಳಗೆ. ಮೆಟ್ಟಿಲು ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು, ಹತ್ತುವಾಗ ಒಳ್ಳೆ ಕಾಲು. 10 ದಿನದಿಂದ ಒಮ್ಮೆಯೂ ಕುಸಿದಿಲ್ಲ. ಟಿಕ್ ಟಿಕ್ ಸದ್ದು ಮಾತ್ರ ಇದೆ. ನೋವಿಲ್ಲದಿದ್ದರೆ ಅದು ಮಾಮೂಲಂತೆ.